ಹೃದಯಯಂತ್ರವೂ ಸಮಾಧಿಮರಣವೂ

ಸಲ್ಲೇಖನೆಯು ಆತ್ಮವಧೆಯಲ್ಲವೆಂಬುದನ್ನು ಸಾಧಿಸುವಾಗ ಶ್ರೀ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಒಬ್ಬ ವರ್ತಕನ ದೃಷ್ಟಾಂತವನ್ನು ಕೊಟ್ಟಿದ್ದಾರೆ. ಬಗೆಬಗೆಯ ಸರಕನ್ನು ಕೊಳ್ಳುವುದು, ಮಾರುವುದು, ಕೂಡಿಡುವುದು ಅವನ ವೃತ್ತಿ. ತನ್ನ ಮನೆ ಹಾಳಾಗುವುದು ಅವನಿಗೆ ಎಂದೂ ಇಷ್ಟವಲ್ಲ. ಅದಕ್ಕೆ ಕೇಡು ಒದಗಿದಾಗ ಯಥಾಶಕ್ತಿ ಆ ಕೇಡನ್ನು ಪರಿಹರಿಸಲು ಯತ್ನಿಸುತ್ತಾನೆ. ಪರಿಹಾರವು ಅಶಕ್ಯವೆಂದು ಕಂಡಾಗ ಮನೆಯ ಆಸೆಯನ್ನು ಬಿಟ್ಟು ಸರಕನ್ನು ಉಳಿಸಿಕೊಳ್ಳುತ್ತಾನೆ. ಗೃಹಸ್ಥನಿಗೆ ಶರೀರವೇ ಆ ಮನೆ; ವ್ರತಶೀಲಗಳೇ ಸರಕು.

ಶಾಸ್ತ್ರಸಭೆಯಲ್ಲಿ ಈ ದೃಷ್ಟಾಂತವನ್ನು ಕೇಳಿದವರು ಸಾಮಾನ್ಯವಾಗಿ ಅದರ ಉತ್ತರಾರ್ಧವನ್ನು ಮಾತ್ರ ಮನೆಗೆ ಕೊಂಡೊಯ್ಯುತ್ತಾರೆ. ಸರಕು ಹೊತ್ತು ಹೊರಬಂದ ವರ್ತಕನ ವಿವೇಕವನ್ನು ಎಲ್ಲರೂ ಹೊಗಳುತ್ತಾರೆ. ಮನೆಗೆ ಬಿದ್ದ ಕೇಡು ಬೆಂಕಿಯಾಗಿದ್ದರೆ, ಹೊರಬರುವ ಮೊದಲು ಅವನು ಕೊಡಗಟ್ಟಲೆ ನೀರು ಹೊತ್ತು ದುಡಿದಿರಲೇಬೇಕು. ಅದನ್ನು ಯಾರೂ ಹೇಳುವುದಿಲ್ಲ. ಎರಡು ಅರ್ಧಗಳೂ ಕೂಡಿದಾಗಲೇ ಆಚಾರ್ಯರ ಅಭಿಪ್ರಾಯ ಪೂರ್ಣವಾಗುತ್ತದೆ. ಆದರೆ ಅವರ ಕಾಲದಲ್ಲಿ ಊಹೆಗೂ ಬಾರದಿದ್ದ ಮೂರನೆಯ ಸ್ಥಿತಿಯೊಂದು ಈಗ ಒದಗಿದೆ. ವರ್ತಕನು ಮನೆಯನ್ನು ತೊರೆದು ಹೊರಟ ಮೇಲೂ, ನೀರೆರೆಯಲು ಅವನೇ ನೇಮಿಸಿದ ಆಳು ಕೆಲಸ ನಿಲ್ಲಿಸದೆ, ಹೊರಟವನ ಮೇಲೂ ಅವನ ಸರಕಿನ ಮೇಲೂ ನೀರು ಸುರಿಯುತ್ತಲೇ ಇದ್ದರೆ ಏನು ಮಾಡಬೇಕು? ಹೃದಯಕ್ಕೆ ಜೋಡಿಸಿ ಎದೆಯ ಚರ್ಮದಡಿಯಲ್ಲಿ ಹುದುಗಿಸುವ ಡಿಫಿಬ್ರಿಲೇಟರ್ ಎಂಬ ಯಂತ್ರವು ಅಂಥ ನಂಬುಗೆಯ ಆಳು. ವ್ರತಧಾರಿಯಾದ ಶ್ರಾವಕನು ಅದನ್ನು ಸ್ವೀಕರಿಸಬಹುದೇ, ಸ್ವೀಕರಿಸಿದ ಮೇಲೆ ಅದಕ್ಕೆ ಎಂದು ಬಿಡುವು ಕೊಡಬೇಕು ಎಂಬ ಪ್ರಶ್ನೆಯು ಇಂದು ಕೇವಲ ವೈದ್ಯರದಾಗಿ ಉಳಿದಿಲ್ಲ.

ಹಾಸನ ಜಿಲ್ಲೆಯ ಮನೆಗಳಿಗೆ ಈ ವಿಷಯ ದೂರದ್ದಲ್ಲ. 2025ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಈ ಜಿಲ್ಲೆಯಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯದ ತೊಂದರೆಯಿಂದ ಹಠಾತ್ತಾಗಿ ತೀರಿಕೊಂಡರೆಂಬ ಸುದ್ದಿ ಹಬ್ಬಿತು. ಅವರಲ್ಲಿ ಹಲವರು ಎಳೆಯ ವಯಸ್ಸಿನವರು. ಭಯಗೊಂಡ ಜನರು ಮೈಸೂರು, ಬೆಂಗಳೂರುಗಳ ಜಯದೇವ ಹೃದ್ರೋಗ ಸಂಸ್ಥೆಯ ಬಾಗಿಲಲ್ಲಿ ಬೆಳಗಿನಿಂದಲೇ ಸಾಲುಗಟ್ಟಿದರು. ಆ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸರ್ಕಾರವು ನೇಮಿಸಿದ ತಜ್ಞರ ಸಮಿತಿಯು, ಸಂಖ್ಯೆಯಲ್ಲಿ ಅಸಾಧಾರಣವಾದ ಏರಿಕೆಯಿಲ್ಲವೆಂದು ಆ ವರ್ಷದ ಜುಲೈನಲ್ಲಿ ವರದಿ ಕೊಟ್ಟಿತು. ವರದಿಯಿಂದ ಭಯ ಸ್ವಲ್ಪ ಇಳಿಯಿತು. ಆದರೆ ಬೆಳಿಗ್ಗೆ ನಗುನಗುತ್ತ ಹೊರಟವನು ಮಧ್ಯಾಹ್ನಕ್ಕೆ ಇಲ್ಲವೆಂಬ ಅನಿತ್ಯಭಾವನೆಯ ಪಾಠವು, ಭಾವನಾಗ್ರಂಥಗಳನ್ನು ಓದದವರ ಮನೆಯಲ್ಲಿಯೂ ಆ ದಿನಗಳಲ್ಲಿ ತಾನಾಗಿ ನಡೆಯಿತು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು 46ನೆಯ ವಯಸ್ಸಿನಲ್ಲಿ ಅಗಲಿದಾಗಲೂ ನಾಡಿಗೆಲ್ಲ ಇದೇ ಅನುಭವವಾಗಿತ್ತು.

ವೃತ್ತಪತ್ರಿಕೆಗಳು ಎಲ್ಲವನ್ನೂ ಹೃದಯಾಘಾತವೆಂದು ಬರೆದುಬಿಡುತ್ತವೆ. ವೈದ್ಯಶಾಸ್ತ್ರದಲ್ಲಿ ಇವು ಎರಡು. ಹೃದಯದ ಮಾಂಸಖಂಡಕ್ಕೆ ರಕ್ತವನ್ನೊಯ್ಯುವ ನಾಳವು ಕಟ್ಟಿಕೊಂಡು ಆ ಭಾಗವು ಸಾಯತೊಡಗುವುದು ಹೃದಯಾಘಾತ. ಹೃದಯದ ವಿದ್ಯುತ್ ಲಯವೇ ಕೆಟ್ಟು, ಕೆಳಗಿನ ಕೋಣೆಗಳು ಬಡಿಯುವುದನ್ನು ಬಿಟ್ಟು ಬರಿದೆ ಅದುರತೊಡಗಿ, ಮೆದುಳಿಗೆ ರಕ್ತ ಹೋಗದೆ ಮನುಷ್ಯನು ಕೆಲವೇ ಕ್ಷಣಗಳಲ್ಲಿ ಕುಸಿಯುವುದು ಹಠಾತ್ ಹೃದಯಸ್ತಂಭನ. ಮೊದಲನೆಯದು ಎರಡನೆಯದಕ್ಕೆ ಕಾರಣವಾಗಬಹುದು. ಆದರೆ ಕಾರಣಗಳು ಬೇರೆಯೂ ಉಂಟು. ಲಯ ಕೆಟ್ಟ ಹೃದಯಕ್ಕೆ ಹೊರಗಿನಿಂದ ವಿದ್ಯುತ್ತಿನ ಒಂದು ಆಘಾತವನ್ನು ಕೊಟ್ಟರೆ ಅದು ಮತ್ತೆ ಹದಕ್ಕೆ ಬರಬಲ್ಲುದು. ಹಾಗೆ ಕೊಡುವುದು ತಡವಾದ ಒಂದೊಂದು ನಿಮಿಷಕ್ಕೂ ಬದುಕುವ ಸಂಭವವು ಶೇಕಡಾ 7ರಿಂದ 10ರಷ್ಟು ಕುಗ್ಗುತ್ತದೆ. ಆಸ್ಪತ್ರೆಯೊಳಗೇ ಕುಸಿದವನಿಗೆ ಅವಕಾಶವುಂಟು. ಹಾಸನದಿಂದ ಸುಮಾರು 10 ಕಿಲೋಮೀಟರ್ ದೂರದ ಕೊರವಂಗಲದಲ್ಲಿ, ಬೂಚೇಶ್ವರ ದೇವಾಲಯದ ಹಿಂದಿನ ತೋಟದಲ್ಲಿ ಒಬ್ಬನೇ ಇದ್ದಾಗ ಕುಸಿದವನಿಗೆ ಏನುಂಟು? ಯಾರಾದರೂ ಕಂಡು, ಎದೆಯನ್ನೊತ್ತುತ್ತ, ವಾಹನ ತಂದು, ನಗರದ ಆಸ್ಪತ್ರೆಗೆ ಸೇರಿಸಿ ಅವನು ಬದುಕಿದನೆಂದರೆ ಅದು ನೂರರಲ್ಲಿ ಕೆಲವರಿಗೆ ಮಾತ್ರ ದೊರೆಯುವ ಯೋಗ. ಹಾಗೆ ಬದುಕಿದವನಿಗೆ ಎರಡನೆಯ ಸಲವೂ ಅದೇ ಆಗುವ ಭಯ ಬಹಳ. ಅವನಿಗಾಗಿಯೇ ಹುಟ್ಟಿದುದು ಈ ಯಂತ್ರ.

ಇದರ ಹುಟ್ಟಿನ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ತಿಳಿದುಕೊಳ್ಳುವುದು ಒಳ್ಳೆಯದು. ಪೋಲೆಂಡಿನಲ್ಲಿ ಹುಟ್ಟಿ ಇಸ್ರೇಲಿನಲ್ಲಿ ನೆಲೆಸಿದ್ದ ಮೈಕೆಲ್ ಮಿರೋವ್ಸ್ಕಿ ಎಂಬ ವೈದ್ಯನ ಗುರುವಿಗೆ ಇಂಥ ಲಯದೋಷವಿತ್ತು. 1966ರಲ್ಲಿ ಆ ಗುರು ಮನೆಯವರೊಡನೆ ಊಟಕ್ಕೆ ಕುಳಿತಿದ್ದಾಗ ಕುಸಿದು ಪ್ರಾಣಬಿಟ್ಟರು. ಸದಾಕಾಲ ಆಸ್ಪತ್ರೆಯಲ್ಲಿ ಇರುವುದು ಅಸಾಧ್ಯವಾದ ರೋಗಿಗೆ ಆಸ್ಪತ್ರೆಯ ಯಂತ್ರವನ್ನೇ ಚಿಕ್ಕದು ಮಾಡಿ ಮೈಯೊಳಗೆ ಇಟ್ಟರೇನೆಂಬ ಯೋಚನೆ ಶಿಷ್ಯನಿಗೆ ಹೊಳೆಯಿತು. ಅಮೆರಿಕದ ಬಾಲ್ಟಿಮೋರಿಗೆ ಹೋಗಿ, ಮಾರ್ಟನ್ ಮೋವರ್ ಎಂಬ ಜೊತೆಗಾರನೊಡನೆ ಹನ್ನೊಂದು ವರ್ಷ ದುಡಿದನು. ಬರ್ನಾರ್ಡ್ ಲೌನ್‌ರಂಥ ಹೆಸರಾಂತ ಹೃದ್ರೋಗತಜ್ಞರು ಈ ಯೋಜನೆಯನ್ನು ಬಹಿರಂಗವಾಗಿ ಟೀಕಿಸಿದರು. ಕೊನೆಗೆ 1980ರ ಫೆಬ್ರವರಿ 4ರಂದು ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಲೆವಿ ವಾಟ್ಕಿನ್ಸ್ ಮೊದಲ ಯಂತ್ರವನ್ನು ಒಬ್ಬ ಮಹಿಳೆಗೆ ಅಳವಡಿಸಿದರು. ಆಗ ಎದೆಯನ್ನು ತೆರೆದು, ಹೊಟ್ಟೆಯ ಚರ್ಮದಡಿ ದೊಡ್ಡದೊಂದು ಪೆಟ್ಟಿಗೆಯನ್ನು ಇಡಬೇಕಾಗಿತ್ತು. ಈಗ ಅಂಗೈಯಲ್ಲಿ ಅಡಗುವ ಟೈಟೇನಿಯಮ್ ಡಬ್ಬಿಯೊಂದನ್ನು ಎಡಗಡೆಯ ಕೊರಳೆಲುಬಿನ ಕೆಳಗೆ ಹುದುಗಿಸಿ, ಅದರ ತಂತಿಯನ್ನು ರಕ್ತನಾಳದ ಮೂಲಕ ಹೃದಯಕ್ಕೆ ಇಳಿಬಿಡುತ್ತಾರೆ. ಅದು ಹಗಲಿರುಳು ಹೃದಯದ ಲಯವನ್ನು ಗಮನಿಸುತ್ತಿರುತ್ತದೆ. ಲಯ ಕೆಟ್ಟಿತೆಂದು ಕಂಡರೆ ಹತ್ತಾರು ಸೆಕೆಂಡಿನೊಳಗೆ ಆಘಾತವನ್ನು ಕೊಡುತ್ತದೆ. ಒಂದರಿಂದ ಸರಿಹೋಗದಿದ್ದರೆ ಇನ್ನೊಂದು, ಮತ್ತೊಂದು.

ಇದರಿಂದ ಪ್ರಯೋಜನವುಂಟೇ ಎಂಬುದು ಈಗ ವಿವಾದದ ವಿಷಯವಲ್ಲ. ಇಂಥ ಲಯದೋಷಕ್ಕೆ ಸಿಕ್ಕಿ ಬದುಕುಳಿದ 1,016 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಯಂತ್ರವನ್ನೂ ಇನ್ನೊಂದಕ್ಕೆ ಔಷಧವನ್ನೂ ಕೊಟ್ಟು ನಡೆಸಿದ ಅಧ್ಯಯನವೊಂದು 1997ರಲ್ಲಿ ಪ್ರಕಟವಾಯಿತು. ಮೂರು ವರ್ಷ ಕಳೆದಾಗ ಔಷಧದವರಲ್ಲಿ ನೂರಕ್ಕೆ 64 ಮಂದಿಯೂ ಯಂತ್ರದವರಲ್ಲಿ ನೂರಕ್ಕೆ 75 ಮಂದಿಯೂ ಜೀವಿಸಿದ್ದರು. ಹನ್ನೊಂದು ಜೀವಗಳ ಅಂತರ ಸಣ್ಣದಲ್ಲ.

ಅಹಿಂಸಾಧರ್ಮಿಗಳಾದ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ಬೇರೊಂದಿದೆ. ಮಿರೋವ್ಸ್ಕಿಯ ಯಂತ್ರವನ್ನು ಮೊದಲು ಪರೀಕ್ಷಿಸಿದುದು ನಾಯಿಗಳ ಮೇಲೆ. ಯಂತ್ರವನ್ನು ಹುದುಗಿಸಿದ ನಾಯಿಯ ಹೃದಯಲಯವನ್ನು ಬೇಕೆಂದೇ ಕೆಡಿಸುವುದು, ಅದು ನೆಲಕ್ಕುರುಳುವುದು, ಯಂತ್ರವು ಆಘಾತ ಕೊಟ್ಟೊಡನೆ ಎದ್ದು ನಿಂತು ಬಾಲವಾಡಿಸುವುದು — ಇದನ್ನು ಚಲನಚಿತ್ರವಾಗಿ ತೆಗೆದು ಸಂಶಯಗ್ರಸ್ತರಿಗೆ ತೋರಿಸಿದರು. ನೋಡಿದ ವೈದ್ಯರು ಬೆರಗಾದರಂತೆ. ಜೈನನಿಗೆ ಬೆರಗಿನೊಡನೆ ಇನ್ನೊಂದು ಭಾವವೂ ಹುಟ್ಟಬೇಕು. ಇದು ಆರಂಭೀ ಹಿಂಸೆಯಲ್ಲ, ಉದ್ಯೋಗೀ ಹಿಂಸೆಯೂ ಅಲ್ಲ. ಪಂಚೇಂದ್ರಿಯ ಪ್ರಾಣಿಯನ್ನು ಉದ್ದೇಶಪೂರ್ವಕವಾಗಿ ಬೀಳಿಸಿದ ಸಂಕಲ್ಪೀ ಹಿಂಸೆ. ಇಂದು ಕಾಯಿಲೆಯವನು ಅದನ್ನು ಮಾಡಿದವನಲ್ಲ, ಮಾಡಿಸಿದವನೂ ಅಲ್ಲ. ಅನುಮೋದನೆ? ಅದರಿಂದ ಬಂದ ಫಲವನ್ನು ಉಪಯೋಗಿಸುವುದೇ ಅನುಮೋದನೆಯಾಗುವುದಾದರೆ ಇಂದಿನ ಯಾವ ಔಷಧವನ್ನೂ ಮುಟ್ಟುವಂತಿಲ್ಲ. ಮಗುವಿನ ಚುಚ್ಚುಮದ್ದನ್ನೂ ಬಿಡಬೇಕು. ಉಪಯೋಗವೂ ಅನುಮೋದನೆಯೂ ಒಂದೇ ಅಲ್ಲವೆಂದು ಹೇಳಬಹುದು. ಅದು ಸರಿಯಾದ ಮಾತೂ ಹೌದು. ಆದರೂ ಆ ಸಮಾಧಾನ ಸಂಪೂರ್ಣವಾದುದಲ್ಲ. ಋಣವಿಲ್ಲವೆಂದು ವಾದಿಸುವುದಕ್ಕಿಂತ ಋಣವಿದೆಯೆಂದು ಒಪ್ಪಿ, ಪ್ರತಿಕ್ರಮಣದಲ್ಲಿ ಆ ಮೂಕಪ್ರಾಣಿಗಳನ್ನೂ ನೆನೆಯುವುದು ಹೆಚ್ಚು ಪ್ರಾಮಾಣಿಕವಾದುದು. ವಿದ್ಯುತ್ತು ಸಚಿತ್ತವೋ ಅಚಿತ್ತವೋ ಎಂಬ ಚರ್ಚೆಯನ್ನು ಮಾತ್ರ ಇಲ್ಲಿಗೆ ಎಳೆದುತರುವುದು ಬೇಡ. ಮನೆಯಲ್ಲಿ ವಿದ್ಯುದ್ದೀಪ ಹಾಕಿಕೊಂಡವರು ರೋಗಿಯ ಎದೆಯ ಬಳಿ ಬಂದಾಗ ಮಾತ್ರ ಆ ಶಂಕೆಯನ್ನೆತ್ತುವುದು ನ್ಯಾಯವಲ್ಲ.

ಎರಡನೆಯ ಆಕ್ಷೇಪ ಕರ್ಮಸಿದ್ಧಾಂತದ್ದು. ಆಯುಃಕರ್ಮ ಮುಗಿದೊಡನೆ ಜೀವವು ಹೋಗಲೇಬೇಕಷ್ಟೆ. ಯಂತ್ರವಿಟ್ಟು ಅದನ್ನು ತಡೆಯುವೆನೆಂಬುದು ಮಿಥ್ಯಾಭಿಮಾನವಲ್ಲವೇ ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರವನ್ನು ಹೊಸದಾಗಿ ಹುಡುಕಬೇಕಾಗಿಲ್ಲ. ದೇವನಾರಕಿಗಳು, ಚರಮೋತ್ತಮದೇಹಧಾರಿಗಳು, ಅಸಂಖ್ಯಾತ ವರ್ಷಗಳ ಆಯುಷ್ಯವುಳ್ಳವರು — ಇವರ ಆಯುಷ್ಯವು ಮಾತ್ರ ನಡುವೆ ಕುಗ್ಗುವುದಿಲ್ಲವೆಂದು ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದ ಕಡೆಯ ಸೂತ್ರ ಹೇಳುತ್ತದೆ. ಆದುದರಿಂದ ಉಳಿದವರಿಗೆ ವಿಷ, ಶಸ್ತ್ರ, ರೋಗ ಮುಂತಾದ ನಿಮಿತ್ತಗಳಿಂದ ಅಪವರ್ತನವು, ಎಂದರೆ ಅಕಾಲಮೃತ್ಯುವು ಸಂಭವಿಸಬಹುದು. ಶ್ರೀ ಅಕಲಂಕದೇವರು ರಾಜವಾರ್ತಿಕದಲ್ಲಿ ಈ ಮಾತನ್ನು ಬೆಳೆಸುತ್ತ, ಕಾಲಕ್ಕೆ ಮೊದಲೇ ಉಪಾಯದಿಂದ ಹಣ್ಣಾಗಿಸುವ ಮಾವಿನಕಾಯಿಯ ಉದಾಹರಣೆ ಕೊಟ್ಟು, ಆಯುರ್ವೇದದ ಸಾಮರ್ಥ್ಯವನ್ನೇ ಪ್ರಮಾಣವಾಗಿ ತೋರಿಸುತ್ತಾರೆ: ಅಕಾಲಮೃತ್ಯುವೇ ಇಲ್ಲದಿದ್ದರೆ ವೈದ್ಯನ ಪ್ರಯತ್ನವೆಲ್ಲ ವ್ಯರ್ಥವಾಗಬೇಕಾಗಿತ್ತು. ನಲವತ್ತರ ಹರೆಯದಲ್ಲಿ ಕುಸಿದವನನ್ನು ಎಬ್ಬಿಸಿ ನಿಲ್ಲಿಸುವ ಯಂತ್ರವು ಈ ಚಿಕಿತ್ಸೆಯ ಸಾಲಿಗೆ ಸೇರಿದುದು. ಅದನ್ನು ಒಲ್ಲೆನೆನ್ನುವುದು ವೈರಾಗ್ಯವೇ ಆಗಬೇಕೆಂದಿಲ್ಲ. ನೀರೆರೆಯದೆ ಮನೆಯನ್ನು ಸುಡಗೊಟ್ಟ ವರ್ತಕನ ಆಲಸ್ಯವೂ ಆಗಿರಬಹುದು. ವ್ರತಸಾಧನೆಗೆ ಸಾಧನವಾದ ಮನುಷ್ಯಜನ್ಮವನ್ನು ಕಾಯ್ದುಕೊಳ್ಳುವುದು ಧರ್ಮಕ್ಕೆ ವಿರೋಧವಲ್ಲ.

ಇಲ್ಲಿಯವರೆಗೆ ತೊಡಕಿಲ್ಲ. ತೊಡಕು ಆರಂಭವಾಗುವುದು ವರ್ಷಗಳು ಕಳೆದ ಮೇಲೆ.

ಕೊರವಂಗಲದಂಥ ಊರಿನಲ್ಲಿ ಒಬ್ಬ ಶ್ರಾವಕರನ್ನು ಊಹಿಸಿಕೊಳ್ಳಬಹುದು. ಅರವತ್ತರಲ್ಲಿ ಅವರಿಗೆ ಹೃದಯಸ್ತಂಭನವಾಗಿ, ದೈವಯೋಗದಿಂದ ಬದುಕಿ, ಯಂತ್ರವನ್ನು ಅಳವಡಿಸಿಕೊಂಡರು. ಹತ್ತು ಹದಿನೈದು ವರ್ಷ ತೋಟ, ಮೊಮ್ಮಕ್ಕಳು, ಸ್ವಾಧ್ಯಾಯ, ಬೆಳಗೊಳದ ಯಾತ್ರೆ ಎಂದು ಕಳೆಯಿತು. ನಡುವೆ ಒಂದೆರಡು ಸಲ ಬ್ಯಾಟರಿ ತೀರಿ ಡಬ್ಬಿಯನ್ನು ಬದಲಾಯಿಸಿದ್ದಾಯಿತು. ಮೊದಲಿನಿಂದಲೂ ಅವರು ಅಷ್ಟಮಿ, ಚತುರ್ದಶಿಗಳಲ್ಲಿ ಪ್ರೋಷಧೋಪವಾಸ ಮಾಡುವವರು. ಯಂತ್ರ ಬಂದ ಮೇಲೆ ವೈದ್ಯರು ಒಂದು ಎಚ್ಚರಿಕೆ ಕೊಟ್ಟರು: ನೀರನ್ನೂ ಬಿಟ್ಟ ದೀರ್ಘ ಉಪವಾಸದಲ್ಲಿ, ಅದರಲ್ಲೂ ಮೂತ್ರ ಹೆಚ್ಚಿಸುವ ಮಾತ್ರೆಗಳನ್ನು ನುಂಗುವವರಲ್ಲಿ, ರಕ್ತದ ಪೊಟ್ಯಾಸಿಯಮ್, ಮೆಗ್ನೀಸಿಯಮ್ ಲವಣಗಳು ಕುಗ್ಗುತ್ತವೆ, ಕುಗ್ಗಿದರೆ ಹೃದಯದ ಲಯ ಕೆಡುತ್ತದೆ. ಆದುದರಿಂದ ಉಪವಾಸವನ್ನು ಏಕಾಶನಕ್ಕೆ ಇಳಿಸಿಕೊಂಡರು. ಇದರಿಂದ ವ್ರತಭಂಗವಾಯಿತೆಂದು ಕೊರಗುವ ಅಗತ್ಯವಿಲ್ಲ. ಷೋಡಶಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ ಶಕ್ತಿಯ ಮಿತಿಯನ್ನು ಸೇರಿಸಿಯೇ ಹೇಳಿದೆ. ದಶಲಕ್ಷಣ ಪರ್ವದಲ್ಲಿ ಹತ್ತು ಉಪವಾಸ ಮಾಡಿದವರ ಮೆರವಣಿಗೆಯನ್ನು ಕಂಡು ಹೃದ್ರೋಗಿಯು ಹಟಕ್ಕೆ ಬೀಳುವುದು ತಪವಲ್ಲ, ಮಾನಕಷಾಯ.

ಈಗ ಅವರಿಗೆ ಎಂಬತ್ತು ಸಮೀಪಿಸಿದೆ. ಹೃದಯದ ಬಲ ಇಳಿದಿದೆ, ಕಾಲು ಊದಿವೆ, ಮೂತ್ರಪಿಂಡಗಳು ಸೋತಿವೆ. ಇನ್ನು ಮಾಡುವುದೇನೂ ಇಲ್ಲವೆಂದು ವೈದ್ಯರು ಹೇಳಿದ್ದಾರೆ. ಶ್ರೀ ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಸಲ್ಲೇಖನೆಗೆ ಹೇಳಿದ ನಿಮಿತ್ತಗಳಲ್ಲಿ ಮುಪ್ಪೂ ಇದೆ, ರೋಗವೂ ಇದೆ. ಆದರೆ ಅವು ನಿಃಪ್ರತೀಕಾರವಾಗಿರಬೇಕು, ಪ್ರತಿಕ್ರಿಯೆಗೆ ಮೀರಿದವಾಗಿರಬೇಕು ಎಂಬ ಕಟ್ಟಳೆಯುಂಟು. ಆ ಕಟ್ಟಳೆ ಈಗ ಪೂರ್ಣವಾಗಿದೆ. ಅವರು ಗುರುಗಳ ಅನುಮತಿ ಪಡೆದು, ಎಲ್ಲರಿಂದ ಕ್ಷಮೆ ಬೇಡಿ, ಎಲ್ಲರನ್ನೂ ಕ್ಷಮಿಸಿ, ಕ್ರಮವಾಗಿ ಅನ್ನವನ್ನು ಬಿಟ್ಟು ಹಾಲಿಗೆ, ಹಾಲನ್ನು ಬಿಟ್ಟು ಗಂಜಿತಿಳಿಗೆ, ಅದನ್ನೂ ಬಿಟ್ಟು ಬಿಸಿನೀರಿಗೆ ಬರುತ್ತಾರೆ. ಮೈಯ ಲವಣಗಳು ಕುಗ್ಗುತ್ತವೆ. ಹೃದಯದ ಲಯ ಕೆಡುತ್ತದೆ. ಯಂತ್ರವು ಎಚ್ಚರಗೊಳ್ಳುತ್ತದೆ.

ಇಲ್ಲಿ ವ್ರತವೇ ಯಂತ್ರವನ್ನು ಕರೆಯುತ್ತದೆಂಬುದನ್ನು ವಾಚಕರು ಗಮನಿಸಬೇಕು. ದೇಹವನ್ನು ಕೃಶಗೊಳಿಸಿದಷ್ಟೂ ಅದು ಕೃಶವಾಗಗೊಡದ ಕಾವಲುಗಾರನು ಮೈಯೊಳಗೇ ಇದ್ದಾನೆ. ಎಚ್ಚರವಿರುವವರಿಗೆ ಆ ಆಘಾತವು ಎದೆಗೆ ಕುದುರೆ ಒದ್ದಂತೆ ಆಗುತ್ತದೆಂದು ಅನುಭವಿಸಿದವರು ಹೇಳುತ್ತಾರೆ. ಪಂಚನಮಸ್ಕಾರವು ಕಿವಿಗೆ ಬೀಳುತ್ತಿರುವಾಗ, ಮಗಳು ಹಣೆಯ ಮೇಲೆ ಕೈಯಿಟ್ಟಿರುವಾಗ, ಆ ದೇಹವು ಹಾಸಿಗೆಯಿಂದ ನೆಗೆದು ಬೀಳುತ್ತದೆ. ಕೆಲವು ನಿಮಿಷದಲ್ಲಿ ಮತ್ತೆ. ಧರ್ಮಧ್ಯಾನದಲ್ಲಿ ನಿಲ್ಲಬೇಕಾದ ಮನಸ್ಸು ಮುಂದಿನ ಹೊಡೆತ ಯಾವಾಗಲೋ ಎಂಬ ವೇದನಾಜನ್ಯ ಆರ್ತಧ್ಯಾನಕ್ಕೆ ಜಾರುತ್ತದೆ. ಇದು ಕಲ್ಪನೆಯ ಭೀತಿಯಲ್ಲ. ಯಂತ್ರವಿದ್ದು ತೀರಿಕೊಂಡ 100 ಮಂದಿಯ ಬಂಧುಗಳನ್ನು ವಿಚಾರಿಸಿ ಅಮೆರಿಕದಲ್ಲಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 8 ಮಂದಿ ಪ್ರಾಣಹೋಗುವ ಮುಂಚಿನ ನಿಮಿಷಗಳಲ್ಲಿಯೇ ಆಘಾತ ಪಡೆದಿದ್ದರು. ಯಂತ್ರವನ್ನು ನಿಲ್ಲಿಸುವ ಮಾತನ್ನು ವೈದ್ಯರು ಎತ್ತಿದುದು 27 ಮನೆಗಳಲ್ಲಿ ಮಾತ್ರ. ಅದೂ ಬಹುಮಟ್ಟಿಗೆ ಕಡೆಯ ದಿನಗಳಲ್ಲಿ. ಉಳಿದ ಮನೆಗಳಲ್ಲಿ ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಹನ್ನೆರಡನೆಯ ಶತಮಾನದಲ್ಲಿ ಶಾಂತಲಾದೇವಿಯ ತಾಯಿ ಮಾಚಿಕಬ್ಬೆಯು ಇದೇ ಜಿಲ್ಲೆಯ ಶ್ರವಣಬೆಳಗೊಳದಲ್ಲಿ ಒಂದು ತಿಂಗಳು ಉಪವಾಸವಿದ್ದು ಸಮಾಧಿ ಪಡೆದುದನ್ನು ಅಲ್ಲಿಯ ಶಾಸನ ಹೇಳುತ್ತದೆ. ಚಿಕ್ಕಬೆಟ್ಟದ ಬಂಡೆಗಳ ಮೇಲೆ ಅಂಥ ಹೆಸರುಗಳು ಎಷ್ಟೋ ಇವೆ. ಅವರೆಲ್ಲರ ಹೃದಯಗಳು ತಮ್ಮ ಕಾಲಕ್ಕೆ ತಾವು ನಿಂತವು. ತಡೆಯುವವರಿದ್ದರೆ ಅವರು ಬಂಧುಗಳು. ಬಂಧುಗಳಿಗೆ ಮಾತಿನಲ್ಲಿ ಒಪ್ಪಿಸಬಹುದಾಗಿತ್ತು. ಯಂತ್ರಕ್ಕೆ ಮಾತು ತಿಳಿಯದು.

ಹಾಗಾದರೆ ಅದನ್ನು ನಿಲ್ಲಿಸಬಹುದೇ? ನಿಲ್ಲಿಸಿದರೆ ಆತ್ಮಘಾತವಾಗುವುದಿಲ್ಲವೇ, ನಿಲ್ಲಿಸಿದ ವೈದ್ಯನಿಗೆ ವಧೆಯ ದೋಷ ತಟ್ಟುವುದಿಲ್ಲವೇ? ಇದನ್ನು ತೂಗುವ ಮೊದಲು ಯಂತ್ರದೊಳಗಿನ ಎರಡು ಕೆಲಸಗಳನ್ನು ಬಿಡಿಸಿ ನೋಡುವುದು ಅವಶ್ಯ. ಲಯ ಕೆಟ್ಟಾಗ ದೊಡ್ಡ ಆಘಾತ ಕೊಡುವುದು ಒಂದು. ಹೃದಯವು ತೀರ ನಿಧಾನವಾದಾಗ ಪೇಸ್‌ಮೇಕರ್‌ನಂತೆ ನೋವಿಲ್ಲದ ಸಣ್ಣ ಪ್ರಚೋದನೆಯನ್ನು ಕೊಟ್ಟು ಬಡಿಸುವುದು ಇನ್ನೊಂದು. ಮೊದಲನೆಯದನ್ನು ಮಾತ್ರ ನಿಲ್ಲಿಸಿ ಎರಡನೆಯದನ್ನು ಹಾಗೆಯೇ ಉಳಿಸಬಹುದು. ಅದಕ್ಕೆ ಶಸ್ತ್ರಕ್ರಿಯೆ ಬೇಡ. ಎದೆಯ ಮೇಲೆ ಇಟ್ಟ ಉಪಕರಣದ ಮೂಲಕ ಹೊರಗಿನಿಂದಲೇ ಸೂಚನೆ ಕೊಡುತ್ತಾರೆ. ಆಘಾತದ ಕೆಲಸವನ್ನು ನಿಲ್ಲಿಸಿದ ಮಾತ್ರಕ್ಕೆ ಯಾರೂ ಸಾಯುವುದಿಲ್ಲ. ಆ ದಿನವೂ ಮರುದಿನವೂ ಹೃದಯ ಮೊದಲಿನಂತೆಯೇ ಬಡಿಯುತ್ತಿರುತ್ತದೆ. ಮುಂದೆಂದೋ ಲಯ ಕೆಟ್ಟರೆ ತಡೆಯುವವರಿಲ್ಲ, ಅಷ್ಟೆ. ಎರಡನೆಯ ಕೆಲಸದ ಮಾತು ಹಾಗಲ್ಲ. ಕೆಲವರ ಹೃದಯಗಳು ಆ ಪ್ರಚೋದನೆಯಿಂದಲೇ ನಡೆಯುತ್ತಿರುತ್ತವೆ; ಅಂಥವರಲ್ಲಿ ಅದನ್ನು ನಿಲ್ಲಿಸಿದರೆ ಆ ಕ್ಷಣವೇ ಪ್ರಾಣ ಹೋಗಬಹುದು. ಪಶ್ಚಿಮದ ವೈದ್ಯರ ಸಂಘಗಳು ರೋಗಿಯು ಬಯಸಿದರೆ ಎರಡನ್ನೂ ನಿಲ್ಲಿಸಬಹುದೆಂದು 2010ರಲ್ಲಿ ಒಮ್ಮತಕ್ಕೆ ಬಂದಿವೆ. ಶ್ರಾವಕನು ಅಷ್ಟು ದೂರ ಹೋಗಬೇಕಾಗಿಲ್ಲ. ನೋವು ಕೊಡದ, ಧ್ಯಾನವನ್ನು ಕೆಡಿಸದ, ಸಾಯುವ ಹೃದಯವನ್ನು ಬಹುಕಾಲ ಹಿಡಿದಿಡಲೂ ಆಗದ ಆ ಸಣ್ಣ ಮಿಡಿತವನ್ನು ಅದರ ಪಾಡಿಗೆ ಬಿಡುವುದೇ ಮೇಲು. ತತ್‌ಕ್ಷಣ ಪ್ರಾಣಹೋಗುವ ಕ್ರಿಯೆಯಲ್ಲಿ ಕೈಯಿಕ್ಕಿದಾಗ ಅಪ್ರಮತ್ತನಾಗಿ ಉಳಿಯುವುದು ಸುಲಭವಲ್ಲ.

ಆಘಾತದ ಕೆಲಸಕ್ಕೆ ಬಂದರೆ, ಅದನ್ನು ನಿಲ್ಲಿಸುವುದು ಆಹಾರತ್ಯಾಗಕ್ಕಿಂತ ಭಾರವಾದ ಕೃತ್ಯವೆಂದು ತೋರುವುದಿಲ್ಲ. ಆಹಾರವು ದೇಹದ ಸಹಜ ಆಧಾರ. ಯಂತ್ರವು ನಡುವೆ ಸೇರಿಸಿದ ಪ್ರತೀಕಾರ. ಸಹಜವಾದುದನ್ನೇ ವಿಧಿಪೂರ್ವಕ ಬಿಡಬಹುದಾದಲ್ಲಿ ಪ್ರತೀಕಾರವನ್ನು ಬಿಡಬಾರದೆಂಬುದು ಯುಕ್ತಿಯುಕ್ತವಲ್ಲ. ಸಮಾಧಿಮರಣದ ಮೂರು ಬಗೆಗಳನ್ನು ನೆನೆದರೂ ಇದು ಸ್ಪಷ್ಟವಾಗುತ್ತದೆ. ಭಕ್ತಪ್ರತ್ಯಾಖ್ಯಾನದಲ್ಲಿ ಕ್ಷಪಕನು ಪರರ ಸೇವೆಯನ್ನು ಸ್ವೀಕರಿಸಬಹುದು. ಇಂಗಿನಿಯಲ್ಲಿ ತನ್ನ ಸೇವೆಯನ್ನು ತಾನೇ ಮಾಡಿಕೊಳ್ಳುತ್ತಾನೆ, ಪರರದನ್ನು ಒಲ್ಲ. ಪ್ರಾಯೋಪಗಮನದಲ್ಲಿ ಎರಡೂ ಇಲ್ಲ. ಭಗವತೀ ಆರಾಧನೆಯು ಭಕ್ತಪ್ರತ್ಯಾಖ್ಯಾನಕ್ಕೆ 48 ಮಂದಿ ನಿರ್ಯಾಪಕರನ್ನು ಹೇಳಿ, ಒಬ್ಬೊಬ್ಬರಿಗೂ ಕೆಲಸ ಹಂಚುತ್ತದೆ: ಎತ್ತುವವರು, ಮಗ್ಗುಲು ಬದಲಿಸುವವರು, ಧರ್ಮಕಥೆ ಹೇಳುವವರು, ಬಾಗಿಲು ಕಾಯುವವರು. ಎಲ್ಲರ ಉದ್ದೇಶವೂ ಒಂದೇ — ಕ್ಷಪಕನ ಪರಿಣಾಮ ಕೆಡದಂತೆ ನೋಡಿಕೊಳ್ಳುವುದು. ಪರಿಣಾಮವನ್ನು ಕೆಡಿಸುವ ಸೇವಕನನ್ನು ಅವರೇ ಹೊರಗೆ ಕಳಿಸುತ್ತಿದ್ದರು.

ಆದರೆ ಇಷ್ಟನ್ನು ಓದಿ, ಆಸ್ಪತ್ರೆಯ ವೆಚ್ಚಕ್ಕೆ ಬೇಸತ್ತವನೋ ನೋವಿಗೆ ಹೆದರಿದವನೋ ನಾಳೆಯೇ ಯಂತ್ರವನ್ನು ನಿಲ್ಲಿಸಿರೆಂದು ಹೊರಟರೆ ಅದು ವ್ರತವಾಗದು. ತತ್ತ್ವಾರ್ಥಸೂತ್ರವು ಹೇಳುವ ಸಲ್ಲೇಖನೆಯ ಐದು ಅತಿಚಾರಗಳಲ್ಲಿ ಮರಣಾಶಂಸೆ, ಎಂದರೆ ಬೇಗ ಸಾಯಬೇಕೆಂಬ ಬಯಕೆ, ಒಂದು. ರೋಗವು ಪ್ರತೀಕಾರಕ್ಕೆ ಮೀರಿಲ್ಲದಿರುವಾಗ, ದುಃಖ ಬಂದ ದಿನ, ಜಗಳವಾದ ರಾತ್ರಿ ಕೈಗೊಂಡ ನಿರ್ಧಾರವು ಅದರ ಸೋಂಕಿನಿಂದ ಪಾರಾಗಲಾರದು. ಬೆಳಗಾವಿ ಸೀಮೆಯ ಭೋಜದ ಶ್ರೀ ಶಾಂತಿಸಾಗರ ಮಹಾರಾಜರು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನೆ ಕೈಗೊಂಡು 36 ದಿನಗಳಲ್ಲಿ ದೇಹತ್ಯಾಗ ಮಾಡಿದರಷ್ಟೆ. ಅದಕ್ಕೆ ನಿಮಿತ್ತವಾದುದು ನೋವಲ್ಲ. ಕಣ್ಣು ಮಂದವಾಗಿ, ಜೀವಿಗಳನ್ನು ಕಂಡು ಹೆಜ್ಜೆಯಿಡುವ ಸಮಿತಿಯ ಪಾಲನೆ ಅಶಕ್ಯವಾದುದು. ಸರಕು ಕೆಡತೊಡಗಿತ್ತು, ಆದುದರಿಂದ ಮನೆಯನ್ನು ಬಿಟ್ಟರು. ಗೃಹಸ್ಥನಿಗೆ ಅಷ್ಟು ಸೂಕ್ಷ್ಮವಾದ ಅಳತೆ ಇರಲಾರದು. ಆದರೂ ಅವನು ಕೇಳಿಕೊಳ್ಳಬೇಕಾದ ಪ್ರಶ್ನೆ ಅದೇ.

ಮರಣಾಶಂಸೆಯ ಭಯವನ್ನು ಎಲ್ಲರೂ ಹೇಳುತ್ತಾರೆ. ಈ ಯಂತ್ರದ ವಿಷಯದಲ್ಲಿ ಹೆಚ್ಚು ಹಾನಿ ಮಾಡುವುದು ಪಟ್ಟಿಯಲ್ಲಿ ಅದರ ಮೊದಲು ಬರುವ ಜೀವಿತಾಶಂಸೆ ಮತ್ತು ಅದರ ನಂತರ ಬರುವ ಮಿತ್ರಾನುರಾಗ. ಅದೂ ಬಹುಮಟ್ಟಿಗೆ ರೋಗಿಯದಲ್ಲ, ಮನೆಯವರದು. ತಂದೆ ಮಾತೆತ್ತಿದರೆ ಮಗನು "ಈಗೇಕೆ ಆ ಮಾತು ಅಪ್ಪಾಜಿ, ಇನ್ನೂ ಹತ್ತು ವರ್ಷ ಇರುತ್ತೀರಿ" ಎಂದು ಮುಚ್ಚಿಹಾಕುತ್ತಾನೆ. ಪ್ರೀತಿಯಿಂದ ಆಡಿದ ಮಾತೇ ಅದು. ಆದರೆ ಪ್ರಜ್ಞೆ ಮಸುಕಾದ ಮೇಲೆ ತಂದೆ ಹೇಳಲಾರರು. ಆಗ ನಿರ್ಧರಿಸುವ ಭಾರ ಅದೇ ಮಗನ ಹೆಗಲ ಮೇಲೆ ಬೀಳುತ್ತದೆ. ನಿಲ್ಲಿಸಿರೆಂದರೆ ತಂದೆಯನ್ನು ಕೊಂದೆನೆಂಬ ಕೊರಗು, ನಿಲ್ಲಿಸದಿದ್ದರೆ ಪ್ರತಿ ಆಘಾತವೂ ಕಣ್ಣೆದುರಿಗೆ. ಹತ್ತು ವರ್ಷಗಳ ಹಿಂದೆ ತಡೆದ ಒಂದು ಮಾತಿಗೆ ಇಷ್ಟು ಬೆಲೆ. ಆದುದರಿಂದ ಯಂತ್ರವನ್ನು ಅಳವಡಿಸಿಕೊಂಡ ವರ್ಷವೇ, ಬುದ್ಧಿ ತಿಳಿಯಾಗಿರುವಾಗಲೇ, ಮನೆಯವರನ್ನು ಕುಳ್ಳಿರಿಸಿಕೊಂಡು ಮಾತಾಡಬೇಕಾದುದು ಶ್ರಾವಕನ ಹೊಣೆ. ಪರಿಗ್ರಹಪರಿಮಾಣವ್ರತದಲ್ಲಿ ಹೊಲಕ್ಕೂ ಚಿನ್ನಕ್ಕೂ ಎಲ್ಲೆ ಹಾಕಿಕೊಳ್ಳುವವನು ಎದೆಯೊಳಗೆ ಬಂದ ಈ ವಸ್ತುವಿಗೂ ಒಂದು ಎಲ್ಲೆಯನ್ನು ಹೇಳಿಡಬಾರದೇಕೆ?

ಮಾತಿನ ಜೊತೆಗೆ ಬರಹವೂ ಇರಲಿ. ಸಂಥಾರವು ಆತ್ಮಹತ್ಯೆಗೆ ಸಮವೆಂದು ರಾಜಸ್ಥಾನ ಉಚ್ಚ ನ್ಯಾಯಾಲಯವು 2015ರ ಆಗಸ್ಟ್ 10ರಂದು ಕೊಟ್ಟ ತೀರ್ಪಿಗೆ ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ತಡೆಯಾಜ್ಞೆ ನೀಡಿದುದು ಸಮಾಜದವರೆಲ್ಲರಿಗೂ ತಿಳಿದುದೇ. ಅದಕ್ಕೆ ಸಂಬಂಧಪಡದೆ, ಚೇತರಿಕೆಯಿಲ್ಲದ ರೋಗದಲ್ಲಿ ತನಗೆ ಯಾವ ಚಿಕಿತ್ಸೆ ಬೇಡವೆಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯವು 2018ರ ಮಾರ್ಚ್ 9ರಂದು ಮಾನ್ಯಮಾಡಿತು. 2023ರಲ್ಲಿ ವಿಧಾನವನ್ನು ಸರಳಗೊಳಿಸಿ, ಇಬ್ಬರು ಸಾಕ್ಷಿಗಳೊಡನೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಸಹಿ ಮಾಡಿದರೆ ಸಾಕೆಂದಿತು. ಇದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರವು 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ. ಆ ಪತ್ರದಲ್ಲಿ ಯಂತ್ರದ ಹೆಸರನ್ನೂ ಬರೆದಿಟ್ಟರೆ ವೈದ್ಯನ ಹಿಂಜರಿಕೆ ಕಡಮೆಯಾಗುತ್ತದೆ, ಮಗನ ಹೆಗಲೂ ಹಗುರವಾಗುತ್ತದೆ.

ಹಳ್ಳಿಯಲ್ಲಿರುವವರಿಗೆ ಇನ್ನೊಂದು ಕಷ್ಟವುಂಟು. ಯಂತ್ರವನ್ನು ನಿಲ್ಲಿಸಬಲ್ಲ ಉಪಕರಣವು ದೊಡ್ಡ ಆಸ್ಪತ್ರೆಗಳಲ್ಲಿರುತ್ತದೆ; ಅನ್ನನೀರು ಬಿಟ್ಟವರನ್ನು ಕೊರವಂಗಲದಿಂದ ಅಲ್ಲಿಗೆ ಹೊತ್ತೊಯ್ಯುವುದು ಸಲ್ಲದು. ವ್ರತವನ್ನು ಸ್ವೀಕರಿಸುವ ಮೊದಲೇ, ನಡೆದಾಡುವ ಶಕ್ತಿ ಉಳಿದಿರುವಾಗ ಹೋಗಿ ಈ ಕೆಲಸ ಮುಗಿಸಿಕೊಂಡು ಬರುವುದು ವಿಹಿತ. ಅದು ತಪ್ಪಿಹೋದರೆ ಒಂದು ಉಪಾಯವಿದೆ: ಇದಕ್ಕೆಂದೇ ಮಾಡಿದ ಬಳೆಯಾಕಾರದ ಅಯಸ್ಕಾಂತವನ್ನು ಯಂತ್ರದ ಮೇಲೆ ಇಟ್ಟರೆ, ಅಲ್ಲಿ ಇರುವಷ್ಟು ಹೊತ್ತು ಸಾಮಾನ್ಯವಾಗಿ ಅದು ಆಘಾತ ಕೊಡುವುದಿಲ್ಲ; ತೆಗೆದೊಡನೆ ಮತ್ತೆ ಮೊದಲಿನಂತಾಗುತ್ತದೆ. ಆದುದರಿಂದ ಅಂಟುಪಟ್ಟಿಯಿಂದ ಭದ್ರವಾಗಿ ಅಂಟಿಸುತ್ತಾರೆ. ವೈದ್ಯರನ್ನು ಕೇಳಿ, ಅವರು ಹೇಳಿದಂತೆ ಮಾತ್ರ ಇದನ್ನು ಮಾಡಬೇಕು.

ಕಡೆಯದಾಗಿ ದಹನಸಂಸ್ಕಾರದ ಮಾತು. ಮುಚ್ಚಿದ ಬ್ಯಾಟರಿಯು ಚಿತೆಯ ಕಾವಿಗೆ ಸಿಡಿಯುತ್ತದೆ. ಸುತ್ತ ನಿಂತವರಿಗೆ ಗಾಯವಾಗಬಹುದು. ಅಗ್ನಿಸ್ಪರ್ಶಕ್ಕೆ ಮೊದಲು ವೈದ್ಯರಿಂದ ಅದನ್ನು ತೆಗೆಸಬೇಕು. ಹೀಗೆ ತೆಗೆದ ಯಂತ್ರಗಳನ್ನು ಶುದ್ಧಿಗೊಳಿಸಿ ಬಡವರಿಗೆ ಅಳವಡಿಸಿದ ಉದಾಹರಣೆಗಳಿವೆ. ಅಮೆರಿಕದಲ್ಲಿ ತೀರಿಕೊಂಡವರ ಪೇಸ್‌ಮೇಕರ್‌ಗಳನ್ನು ಮುಂಬಯಿಯ ಹೋಲಿ ಫ್ಯಾಮಿಲಿ ಆಸ್ಪತ್ರೆಯಲ್ಲಿ 53 ಮಂದಿ ಬಡ ರೋಗಿಗಳಿಗೆ ಇಟ್ಟು ಯಶಸ್ವಿಯಾದ ವರದಿ 2011ರಲ್ಲಿ ಬಂದಿತು. ಡಿಫಿಬ್ರಿಲೇಟರ್‌ಗಳೂ ಸೇರಿದ ಹೀಗೆ ಮರುಬಳಸಿದ ಯಂತ್ರಗಳಲ್ಲಿ ಸೋಂಕಿನ ಪ್ರಮಾಣವು ಹೊಸವುಗಳಿಗಿಂತ ಗಣನೀಯವಾಗಿ ಬೇರೆಯಲ್ಲವೆಂದು ಕೆನಡಾದ ವೈದ್ಯರು 2020ರಲ್ಲಿ ತೋರಿಸಿದರು. ಚತುರ್ವಿಧ ದಾನಗಳಲ್ಲಿ ಔಷಧದಾನವನ್ನು ಜೀವಂತ ಇರುವಾಗ ಮಾತ್ರ ಮಾಡಬೇಕೆಂಬ ನಿಯಮವೇನೂ ಇಲ್ಲ. ಆಸ್ಪತ್ರೆಯು ಸ್ವೀಕರಿಸುವುದಾದರೆ ಕೊಡುವ ಇಚ್ಛೆಯನ್ನು, ಯಂತ್ರವನ್ನು ಯಾವಾಗ ನಿಲ್ಲಿಸಬೇಕೆಂದು ಬರೆದ ಅದೇ ಪತ್ರದ ಕೆಳಗೆ ಇನ್ನೊಂದು ಸಾಲಿನಲ್ಲಿ ಬರೆದಿಡಬಹುದು.